ಅಂಕಲಿಯ ನೀರು, ಸತ್ತಿಯ ಕಟ್ಟೆ

ಸತ್ತಿ,
೩ ಜೂನ್ ೨೦೧೮

ಚಿ. ಸೌ. ಸಾರಿಕಾಳಿಗೆ ವಿರುಪಾಕ್ಷಪ್ಪ ಮಾಸ್ತರರ ಆಶೀರ್ವಾದಗಳು.

ನೀನು ಪಾಠ ಹೇಳುವ ನಿಪ್ಪಾಣಿಯ ಕಾಲೇಜಿನಲ್ಲಿ ಕುಳಿತು ನಮ್ಮ ಹೊಳೆಗಾಗಿ ಕಟ್ಟಿದ ಜಾಲಪುಟವನ್ನು ತೆರೆದು ನೋಡಿದೆ. ಪ್ರಬಂಧ ತಿದ್ದಿಸಿಕೊಳ್ಳಲು ನನ್ನ ಮೇಜಿನ ಬಳಿ ಅಂಜುತ್ತ ನಿಲ್ಲುತ್ತಿದ್ದ ಹುಡುಗಿ ಇಂದು ಕೃಷ್ಣೆಯನ್ನೇ ನನ್ನ ಅಂಗೈಗೆ ತಂದಿಟ್ಟಿದ್ದಾಳೆಂದು ಸಂತೋಷಪಟ್ಟೆ. ಸಂತೋಷಪಟ್ಟಾದ ಮೇಲೆ ಕೆಂಪು ಶಾಯಿಯ ಲೇಖನಿಯನ್ನೂ ಎತ್ತಿಕೊಂಡೆ. ನಿನಗೆ ಇದು ಹೊಸದಲ್ಲ.

‘ನೀರಿನ ಲೆವೆಲ್’ ಎಂದು ಬರೆದಿದ್ದೀಯೆ. ‘ನೀರಿನ ಮಟ್ಟ’ ಎಂದಾಗಲಿ. ‘ಅಲರ್ಟ್’ ಇದ್ದಲ್ಲಿ ‘ಎಚ್ಚರಿಕೆ’ ಬರಲಿ. ಪುಟದ ಬುಡದಲ್ಲಿ ‘ಲಾಸ್ಟ್ ಅಪ್‌ಡೇಟೆಡ್’ ಎಂದು ತೊಡಗಿ ಇಂಗ್ಲಿಷ್ ಅಂಕಿಗಳಲ್ಲಿ ಮುಗಿಯುವ ಒಂದು ಸಾಲಿದೆ. ಒಗೆದ ಧೋತರದ ಮೇಲೆ ಎಲೆಯಡಿಕೆಯ ಕಲೆ ಬಿದ್ದಂತೆ ಕಾಣುತ್ತದೆ. ಅದನ್ನು ತೆಗೆದುಹಾಕು. ತಕ್ಕ ಕನ್ನಡ ಮಾತನ್ನು ಯೋಚಿಸಿ ಕಳುಹಿಸುತ್ತೇನೆ. ಅದುವರೆಗೆ ‘ಈಗಿನ ಮಟ್ಟ’ ಎಂಬ ತಲೆಬರಹವೊಂದೇ ಸಾಕು.

ಇನ್ನು ಮುಖ್ಯವಾದ ಮಾತು. ನಮ್ಮೂರ ಪದ್ಧತಿಯನ್ನು ನೀನು ಬಲ್ಲೆ. ಹೊಳೆದಂಡೆಯ ಓಣಿಯಲ್ಲಿಯೇ ಆಡಿ ಬೆಳೆದವಳು. ಹೊಳೆಯಲ್ಲಿ ನಮಗಿಂತ ಮೇಲಿರುವ ಅಂಕಲಿಯ ಸೇತುವೆಯ ಕಂಬಕ್ಕೆ ಬಳಿದ ಕೆಂಪು ಪಟ್ಟಿಯನ್ನು ನೀರು ಮುಟ್ಟಿತೆಂದರೆ, ಮರುದಿನ ಅದು ನಮ್ಮ ಓಣಿಯ ದನದ ಕೊಟ್ಟಿಗೆಗಳಿಗೆ ಬರುತ್ತದೆ. ಬಸ್ಸಿನವರೋ ಹಾಲಿನ ಗಾಡಿಯವರೋ ಆ ಸುದ್ದಿ ತಂದೊಡನೆ ಜನರು ದನಗಳನ್ನು ದಿಬ್ಬಕ್ಕೆ ಹತ್ತಿಸುತ್ತಾರೆ. ಇನ್ನು ಮೇಲೆ ಆ ಸುದ್ದಿಯನ್ನು ನಿನ್ನ ಪುಟದಿಂದ ನಾನು ಪ್ರತಿದಿನ ಬೆಳಿಗ್ಗೆ ಪಂಚಾಯಿತಿಯ ಕಟ್ಟೆಯ ಮೇಲೆ, ವೃತ್ತಪತ್ರಿಕೆ ಓದಿ ಹೇಳುವ ಹೊತ್ತಿನಲ್ಲಿ, ಓದಿ ಹೇಳಬೇಕೆಂದು ಕೇಳಿದ್ದೀಯೆ. ಹೇಳುತ್ತೇನೆ. ಆದರೆ ಜನರು ಅದನ್ನು ಪುಟದ ಮಾತೆಂದು ಕೇಳುವುದಿಲ್ಲ, ನನ್ನ ಮಾತೆಂದು ಕೇಳುತ್ತಾರೆ. ಆದ್ದರಿಂದ ಆ ಅಳತೆ ನಿನಗೆ ಎಲ್ಲಿಂದ ಬರುತ್ತದೆ, ಬಾರದ ದಿನ ಪುಟವು ಏನು ತೋರಿಸುತ್ತದೆ ಎಂಬುದನ್ನು ನನಗೆ ತಿಳಿಯುವಂತೆ ಬರೆ.

ಫೋನಿನಲ್ಲಿ ಹೇಳಬೇಡ. ನನ್ನ ಕಿವಿ ಮಂದವಾಗಿದೆ. ಅಲ್ಲದೆ ಬರೆದ ಮಾತಿಗೆ ಒಂದು ಜವಾಬ್ದಾರಿ ಇರುತ್ತದೆ.

ಆಶೀರ್ವಾದಗಳೊಂದಿಗೆ,
ವಿರುಪಾಕ್ಷಪ್ಪ


ನಿಪ್ಪಾಣಿ,
11 ಜೂನ್ 2018

ಪೂಜ್ಯ ಗುರುಗಳಿಗೆ ಸಾರಿಕಾಳ ನಮಸ್ಕಾರಗಳು.

ನೀವು ತಿದ್ದಿದ್ದನ್ನೆಲ್ಲ ಬದಲಿಸಿದ್ದೇನೆ. ಕೊನೆಯ ಆ ಸಾಲನ್ನೂ ತೆಗೆದಿದ್ದೇನೆ. ಅಳತೆ ಯಾವಾಗ ಬಂತು ಎಂದು ತಿಳಿಸುವ ಸಾಲು ಅದು. ಕನ್ನಡದ ಸಾಲನ್ನು ಬೇಗ ಕಳುಹಿಸಿದರೆ ಮತ್ತೆ ಸೇರಿಸುತ್ತೇನೆ.

ಅಳತೆ ಬರುವ ಬಗೆ ಹೀಗಿದೆ. ಅಂಕಲಿಯಲ್ಲಿ ಭೀಮಸಿ ಎಂಬವರಿದ್ದಾರೆ, ಹೊಳೆಯ ಪಂಪ್‌ಮನೆಯ ಕಾವಲುಗಾರರು. ಅವರು ದಿನಕ್ಕೆ ಹಲವು ಸಲ ಸೇತುವೆಯ ಕಂಬ ನೋಡಿ, ನೀರು ಎಲ್ಲಿದೆ ಎಂದು ತಮ್ಮ ಮೊಬೈಲಿನಲ್ಲಿ ಒಂದು ಪಟ್ಟಿಗೆ ತುಂಬುತ್ತಾರೆ. ಆ ಪಟ್ಟಿ ಅವರ ಮೊಬೈಲಿನಲ್ಲಿಯೂ ಇಲ್ಲ, ನನ್ನ ಕಂಪ್ಯೂಟರಿನಲ್ಲಿಯೂ ಇಲ್ಲ. ಕ್ಲೌಡ್ ಎಂದು ಕರೆಯುವ ದೂರದ ಉಗ್ರಾಣದಲ್ಲಿ ಇದೆ. ನಿಮ್ಮ ಪುಟವನ್ನು ಆ ಉಗ್ರಾಣಕ್ಕೆ ಒಂದು ಕಿಟಕಿ ಎಂದು ತಿಳಿಯಿರಿ. ಭೀಮಸಿಯವರು ಅಲ್ಲಿ ತುಂಬಿದ ಮರುಗಳಿಗೆಯಲ್ಲಿ ನಿಮಗೆ ಇಲ್ಲಿ ಕಾಣುತ್ತದೆ. ನಡುವೆ ಯಾರೂ ಕೈ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ.

ಸಂಪರ್ಕ ಕಡಿದರೆ ಪುಟದ ತಲೆಯ ಮೇಲೆ ‘ಕೊಂಡಿ ಕಡಿದಿದೆ, ಈ ಮಟ್ಟವನ್ನು ನಂಬಬೇಡಿ’ ಎಂಬ ಕೆಂಪು ಸಾಲು ತಾನಾಗಿ ಬರುತ್ತದೆ. ಅದು ಕಾಣದಿದ್ದರೆ ನೀವು ಧೈರ್ಯವಾಗಿ ಓದಬಹುದು. ಇದು ನನ್ನ ಮಾತು.

ನಿಮ್ಮ ವಿದ್ಯಾರ್ಥಿನಿ,
ಸಾರಿಕಾ


ಸತ್ತಿ,
೮ ಜುಲೈ ೨೦೧೮

ಚಿ. ಸೌ. ಸಾರಿಕಾಳಿಗೆ ಆಶೀರ್ವಾದಗಳು.

ನಿನ್ನ ಪುಟ ಊರಿನಲ್ಲಿ ನೆಲೆ ನಿಂತಿತು. ಮೊದಲ ದಿನ ಕಟ್ಟೆಯ ಮೇಲೆ ಅದು ಪಟ್ಟ ಪಾಡನ್ನು ನೀನು ಕೇಳಬೇಕು. ದ್ರಾಕ್ಷಿ ತೋಟದ ರಾವಸಾಹೇಬರು ನಿನಗೆ ನೆನಪಿರಬಹುದು. ನಾನು ಬಾಯಿ ತೆರೆದರೆ ಅವರಿಗೆ ಕೆಮ್ಮು ಬರುತ್ತದೆ. ಅಳತೆಯನ್ನು ಮೇಘದ ಉಗ್ರಾಣದಲ್ಲಿ ಇಟ್ಟಿದ್ದಾರೆಂದು ನಾನು ವಿವರಿಸಲು, “ಮೋಡದಾಗ ಇಟ್ಟಾರಂದ್ರ, ಮಳಿ ಬಂದ ದಿನಾ ಅಳತೀನೂ ತೊಯ್ಸಿಕೊಂಡು ಕೆಳಗ ಬೀಳತೈತೇನ್ರಿ ಗುರುಗಳ?” ಎಂದು ಎಲ್ಲರನ್ನೂ ನಗಿಸಿದರು.

ಕೊಟ್ಟಿಗೆಯ ಹೊಳೆವ್ವ ಮಾತ್ರ ನಗಲಿಲ್ಲ. ಆಕೆಯ ಬದುಕು ಎರಡು ಎಮ್ಮೆಗಳ ಮೇಲೆ ನಿಂತಿದೆ. ಕೊಟ್ಟಿಗೆ ಎಲ್ಲರದಕ್ಕಿಂತ ಕೆಳಗಿದೆ. “ನೀವು ನಗರ್ಯೋ ಯಪ್ಪಾ. ಯಾರೋ ಒಬ್ಬಾಂವ ‘ನೀರ ಬಂತು’ ಅಂತ ಒದರಿದ ಕೂಡ್ಲೆ ಎಮ್ಮಿ ಹೊಡಕೊಂಡು ದಿಬ್ಬಾ ಹತ್ತೇನಿ, ನೀರ ಬರ್ಲಿಲ್ಲಂತ ಇಳದೇನಿ. ನನ್ನ ಮೊಣಕಾಲ ಹೋಗ್ಯಾವು. ಇನ್ನ ಗುರುಗಳು ಹತ್ತಂದ್ರ ಹತ್ತೂದು, ಇರಂದ್ರ ಇರೂದು” ಎಂದಳು.

ಈಗ ಹಾಲಿನ ಗಾಡಿಯವನನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ. ನಾನು ಕಟ್ಟೆಗೆ ಬರುವವರೆಗೆ ಕಾಯುತ್ತಾರೆ. ನಿವೃತ್ತನಾದ ಮೇಲೆ ಇಷ್ಟು ಜನ ನನಗಾಗಿ ಕಾದದ್ದಿಲ್ಲ ಎಂದು ನಿನ್ನಲ್ಲಿ ಹೇಳಿಕೊಂಡರೆ ತಪ್ಪಿಲ್ಲ.

ಆ ಕೊನೆಯ ಸಾಲಿನ ವಿಷಯ. ‘ಇತ್ತೀಚಿನ ನಮೂದು’ ಎಂದುಕೊಂಡೆ. ‘ನಮೂದು’ ನಮ್ಮ ಮನೆಯ ಮಾತಲ್ಲ. ‘ಕಡೆಯ ಸಲ ಅಳೆದ ಹೊತ್ತು’ ಎಂಬುದು ಚೆನ್ನಾಗಿದೆ, ಆದರೆ ಉದ್ದವಾಯಿತು. ಅವಸರವಿಲ್ಲ, ಯೋಚಿಸಿ ಬರೆಯುತ್ತೇನೆ.

ಆಶೀರ್ವಾದಗಳೊಂದಿಗೆ,
ವಿರುಪಾಕ್ಷಪ್ಪ


ನಿಪ್ಪಾಣಿ,
17 ಜುಲೈ 2018

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಅವಸರದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮ ಯೋಜನೆಗೆ ನೆರವು ಕೊಡುವ ಸಮಿತಿಯವರು ಈ ವಾರ ಕಾಲೇಜಿಗೆ ಬರುತ್ತಿದ್ದಾರೆ. ಅವರು ಒಪ್ಪಿದರೆ ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆಲ್ಲ ಇಂಥದೇ ಪುಟ ದೊರೆಯುತ್ತದೆ. ಬರುವ ದಿನ ಇನ್ನೂ ನಿಶ್ಚಯವಾಗಿಲ್ಲ. ಇಂದು ನಾಳೆ ಎನ್ನುತ್ತಿದ್ದಾರೆ.

ಪುಟದಿಂದ ಊರಿಗೆ ಆದ ಪ್ರಯೋಜನದ ಬಗೆಗೆ ನಿಮ್ಮ ಕೈಯಲ್ಲಿ ಒಂದು ಶಿಫಾರಸು ಪತ್ರ ಬರೆದು ಕೊಡುವಿರಾ? ನಿಮ್ಮ ಹೆಸರಿಗೆ ಇಲ್ಲಿ ತೂಕವಿದೆ. ಪುಟ ಚೆನ್ನಾಗಿ ನಡೆಯುತ್ತಿದೆ. ನೀವು ದಿನವೂ ಓದುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಎಷ್ಟು ಜನ ಕೇಳುತ್ತಾರೆಂದು ಸಮಿತಿಯವರು ವಿಚಾರಿಸುತ್ತಾರೆ.

ನಿಮ್ಮ,
ಸಾರಿಕಾ


ಸತ್ತಿ,
೨೫ ಜುಲೈ ೨೦೧೮

ಚಿ. ಸೌ. ಸಾರಿಕಾಳಿಗೆ,

ಶಿಫಾರಸು ಪತ್ರ ಬರೆಯಲು ಕುಳಿತಿದ್ದ ಮೇಜಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಓದಿದೆ. ‘ಈಗಿನ ಮಟ್ಟ: ಕೆಂಪು ಪಟ್ಟಿಗಿಂತ ಬಹಳ ಕೆಳಗೆ.’ ಹಿಂದಿನ ದಿನವೂ ಅಷ್ಟೇ ಇತ್ತು. ಹೊಳೆ ನಿಂತಿದೆ ಎಂದುಕೊಂಡೆ. ತಲೆಯ ಮೇಲೆ ಕೆಂಪು ಸಾಲು ಇರಲಿಲ್ಲ. ನೋಡಿಯೇ ಓದಿದೆ. ಆಗ ರಾವಸಾಹೇಬರು ತಮ್ಮ ಟ್ರ್ಯಾಕ್ಟರನ್ನು ಕಟ್ಟೆಯ ಮುಂದೆ ನಿಲ್ಲಿಸಿ ಇಳಿದರು.

“ಗುರುಗಳ, ನಾ ಈಗ ಅಂಕಲಿ ಮ್ಯಾಲಿಂದನ ಬಂದೇನ್ರಿ. ನೀರು ಪಟ್ಟಿಗೆ ಹತ್ತೇತಿ. ಟ್ರೇಲರ್ ಖಾಲಿ ಐತಿ, ಯಾರ್ಯಾರ ಸಾಮಾನ ಅದಾವ ಹೇರ್ರಿ ಅತ್ತಾಗ” ಎಂದರು.

ನಾನು ಫೋನನ್ನು ಅವರ ಕಣ್ಣಿಗೆ ಹಿಡಿದೆ. ಕಳೆದ ವರ್ಷವೂ ಹೀಗೆಯೇ ಹೇಳಿ ಊರನ್ನು ಓಡಿಸಿದ್ದರು, ಹೊಳೆ ಅಲ್ಲಾಡಿರಲಿಲ್ಲ. ಅದನ್ನು ಎಲ್ಲರ ಮುಂದೆ ನೆನಪಿಸಿದೆ. ಅವರು ಫೋನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ನಿಮ್ಮ ಫೋನ್ ಅಂಕಲಿಗೆ ಹೋಗಿ ಬಂದೈತೇನ್ರಿ? ನಾ ಹೋಗಿ ಬಂದೇನಿ” ಎಂದರು. ಜನರು ನಮ್ಮಿಬ್ಬರ ಮುಖಗಳನ್ನು ನೋಡಿದರು. ಹೊಳೆವ್ವನೇ ಮೊದಲು ಎದ್ದಳು. “ಗುರುಗಳು ಓದಿದ ಮ್ಯಾಲೆ ಮುಗೀತ ಬಿಡ್ರಿ ಅಣ್ಣಾರ” ಎಂದು ಸೆರಗು ಕೊಡವಿದಳು. ರಾವಸಾಹೇಬರು ಖಾಲಿ ಟ್ರೇಲರಿನೊಂದಿಗೆ ಹೊರಟುಹೋದರು.

ಶನಿವಾರವೂ ಪುಟ ಅದನ್ನೇ ಹೇಳಿತು, ನಾನೂ ಅದನ್ನೇ ಹೇಳಿದೆ. ಹೊಳೆವ್ವ ಎಮ್ಮೆಗಳನ್ನು ಗೂಟಕ್ಕೆ ಕಟ್ಟಿ ಅಥಣಿಯ ಸಂತೆಗೆ ಹೋದಳು. ಮಧ್ಯಾಹ್ನ ನೀರು ಬಂತು. ಅದು ಮಹಾಪೂರವೇನೂ ಅಲ್ಲ, ಮಳೆಗಾಲಕ್ಕೊಮ್ಮೆ ಬರುವ ನೀರು. ಆ ನೀರಿಗೆ ನಮ್ಮೂರಿನಲ್ಲಿ ಇದುವರೆಗೆ ಒಂದು ಕರುವೂ ಹೋದದ್ದಿಲ್ಲ, ಏಕೆಂದರೆ ಬರುವ ಹೊತ್ತಿಗೆ ಕೊಟ್ಟಿಗೆಗಳು ಬರಿದಾಗಿರುತ್ತಿದ್ದವು. ಈ ಸಲ ತುಂಬಿದ್ದವು. ಉಳಿದವರು ಓಡಿಬಂದು ತಮ್ಮ ತಮ್ಮ ಹಗ್ಗಗಳನ್ನು ಕೊಯ್ದರು. ಹೊಳೆವ್ವನ ಎರಡೂ ಎಮ್ಮೆಗಳು ಕಟ್ಟಿದಲ್ಲಿಯೇ ಮುಳುಗಿದವು.

ಅವಳು ನನ್ನನ್ನು ಬೈಯಲಿಲ್ಲ. “ನಿಮಗ ಹೇಳಿದಾಂವ ಸುಳ್ಳ ಹೇಳಿದ, ನೀವರ ಏನ ಮಾಡ್ತೀರಿ?” ಎಂದಳು. ಆ ಹೇಳಿದವನು ಅಂಕಲಿಯ ಭೀಮಸಿಯೇ ಅಲ್ಲವೆ? ಕಂಬವನ್ನು ನೋಡದೆ ಮನೆಯಲ್ಲಿ ಮಲಗಿದ್ದು ಹಳೆಯ ಅಳತೆಯನ್ನೇ ತುಂಬಿದನೆಂದು ಕಾಣುತ್ತದೆ. ಇಂಥವನನ್ನು ನಂಬಿ ನೀನು ಊರನ್ನು ಒಪ್ಪಿಸಿದ್ದೆ. ವಿಚಾರಿಸಿ ನನಗೆ ಉತ್ತರ ಬರೆ. ಅದನ್ನು ಕಟ್ಟೆಯ ಮೇಲೆ ಓದಬೇಕಾಗಿದೆ.

ವಿರುಪಾಕ್ಷಪ್ಪ


ನಿಪ್ಪಾಣಿ,
2 ಆಗಸ್ಟ್ 2018

ಪೂಜ್ಯ ಗುರುಗಳಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಹೊಳೆವ್ವ ಕಾಕು ನನಗೆ ಬೆಲ್ಲ ಹಾಕಿದ ಗಿಣ್ಣ ಕೊಡುತ್ತಿದ್ದವರು.

ಮಳೆಯ ದಿನಗಳಲ್ಲಿ ಮಾಹಿತಿ ಬರುವುದರಲ್ಲಿ ಕೆಲವು ಅಡಚಣೆಗಳು ಆಗಿರುವುದು ನಿಜ. ನೀವು ಊಹಿಸಿದಂತೆ ಅಂಕಲಿಯ ಕಡೆಯಿಂದಲೂ ಲೋಪ ಆಗಿರಬಹುದು. ನಿಮ್ಮ ಪತ್ರವನ್ನು ಪ್ರಾಚಾರ್ಯರಿಗೆ ತೋರಿಸಿದೆ. ಭೀಮಸಿಯವರನ್ನು ಅಳತೆಯ ಕೆಲಸದಿಂದ ಬಿಡಿಸಲಾಗಿದೆ, ಹೊಸಬರೊಬ್ಬರು ಬಂದಿದ್ದಾರೆ. ಪುಟ ಈಗ ಸರಿಯಾಗಿದೆ.

ಸಮಿತಿಯವರು ಬಂದು ಹೋದರು, ಮೆಚ್ಚಿದರು. ಶಿಫಾರಸು ಪತ್ರಕ್ಕಾಗಿ ಕೇಳುತ್ತಿದ್ದಾರೆ. ಜುಲೈ ತಿಂಗಳ ಈ ಘಟನೆಯನ್ನು ಬಿಟ್ಟು, ಜೂನಿನ ಅನುಭವವನ್ನು ಬರೆದರೂ ಸಾಕಾಗುತ್ತದೆ.

ನಿಮ್ಮ,
ಸಾರಿಕಾ


ಸತ್ತಿ,
೧೯ ಆಗಸ್ಟ್ ೨೦೧೮

ಶ್ರೀಮತಿ ಸಾರಿಕಾ ಅವರಿಗೆ,

ಮೊನ್ನೆ ನಾನು ಅಂಕಲಿಗೆ ಹೋಗಿದ್ದೆ. ಭೀಮಸಿಯನ್ನು ಮುಖಕ್ಕೆ ಮುಖ ಕೊಟ್ಟು ಬೈಯಬೇಕೆಂಬುದೇ ನನ್ನ ಉದ್ದೇಶವಾಗಿತ್ತು. ಬಸ್ಸಿನಲ್ಲಿ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಪಂಪ್‌ಮನೆಯ ಬಾಗಿಲಲ್ಲಿ ನಿಂತು ಅವನ್ನೆಲ್ಲ ಹೇಳಿ ಮುಗಿಸಿದೆ. ಆತ ಒಂದು ಕುರ್ಚಿಯನ್ನು ತಂದಿಟ್ಟು, “ಕುಂಡ್ರಿರಿ ಮಾಸ್ತರ, ದಣದೀರಿ” ಎಂದ. ಆಮೇಲೆ ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟ.

ಆತ ತುಂಬಿದ್ದೆಲ್ಲವೂ ನಿಮ್ಮ ಉಗ್ರಾಣದಲ್ಲಿ ಇತ್ತು. ಬುಧವಾರ ನೀರು ಏರಿದ್ದು, ಗುರುವಾರ ಏರಿದ್ದು, ಶುಕ್ರವಾರ ನಸುಕಿನಲ್ಲಿ ಪಟ್ಟಿಗೆ ತಾಗಿದ್ದು, ಹೊತ್ತೇರುವ ಮೊದಲೇ ಪಟ್ಟಿ ಮುಳುಗಿದ್ದು. ಮಳೆಯಲ್ಲಿ ಹೋಗಿ ನೋಡಿ ತುಂಬಿದ್ದಾನೆ. ನನ್ನ ಪುಟಕ್ಕೆ ಮಾತ್ರ ಅದರಲ್ಲಿ ಒಂದು ಅಂಕಿಯೂ ಬಂದಿರಲಿಲ್ಲ.

“ನಾ ಶುಕ್ರಾರ ಮುಂಜಾನೆನ ಮೇಡಂಗೆ ಫೋನ್ ಹಚ್ಚಿನ್ರಿ. ಪುಟದಾಗ ಹಳೀ ಅಳತಿ ಕಾಣಾಕತ್ತೈತಿ, ಸತ್ತಿಯವರಿಗೆ ಯಾರರ ಹೇಳ್ರಿ ಅಂದೆ. ‘ನನಗ ಗೊತ್ತೈತಿ, ಬರಾವ್ರು ಬಂದು ಹೋಗ್ಲಿ, ಸಂಜಿಮುಂದ ಸರಿ ಮಾಡ್ತೇನಿ’ ಅಂದ್ರು. ಮುಂದ ಎಂಟ ದಿನದಾಗ ನನ್ನ ಬಿಡಿಸಿದ್ರು” ಎಂದ. ಏಕೆ ಬಿಡಿಸಿದರೆಂದು ಆತನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ನನ್ನ ಪತ್ರವೇ ಕಾರಣವೆಂದೂ ಹೇಳಿದೆ. “ಹೌದೇನ್ರಿ?” ಎಂದಷ್ಟೇ ಅಂದು ಹೊಳೆಯ ಕಡೆಗೆ ನೋಡಿದ.

ಮನೆಗೆ ಬಂದು ನಿಮ್ಮ ಜುಲೈ ಹದಿನೇಳರ ಪತ್ರವನ್ನು ಮತ್ತೊಮ್ಮೆ ಓದಿದೆ. ಆ ದಿನ ಕಿಟಕಿ ತೆರೆದಿತ್ತೆ, ಮುಚ್ಚಿತ್ತೆ? ‘ಪುಟ ಚೆನ್ನಾಗಿ ನಡೆಯುತ್ತಿದೆ, ನೀವು ಓದುವುದನ್ನು ನಿಲ್ಲಿಸಬೇಡಿ’ ಎಂದು ಬರೆದಿದ್ದೀರಿ. ಅಕ್ಷರಗಳು ದುಂಡಗಿವೆ; ನಾನೇ ಕಲಿಸಿದ ಅಕ್ಷರಗಳು.

ನನಗೆ ವಿವರಣೆ ಬೇಕಾಗಿದೆ.

ವಿರುಪಾಕ್ಷಪ್ಪ


ನಿಪ್ಪಾಣಿ,
27 ಆಗಸ್ಟ್ 2018

ಪೂಜ್ಯ ಗುರುಗಳೇ,

ಮುಚ್ಚಿತ್ತು. ಹದಿನಾರನೆಯ ತಾರೀಖಿನಂದೇ ಮುಚ್ಚಿದ್ದೆ.

ಆ ದಿನ ಪ್ರಾಚಾರ್ಯರ ಮುಂದೆ ಪುಟವನ್ನು ತೆರೆದು ತೋರಿಸುವಾಗ ಸಂಪರ್ಕ ಕಡಿದು ಕೆಂಪು ಸಾಲು ಬಂತು. ‘ಸಮಿತಿಯವರ ಎದುರಿಗೂ ಹೀಗೇ ಆದರೆ ಎಲ್ಲರೂ ಮನೆಗೆ ಹೋಗೋಣ’ ಎಂದರು. ಒಳ್ಳೆಯ ದಿನವೊಂದರ ಅಳತೆಗಳ ಪ್ರತಿ ತೆಗೆದು, ಪುಟವು ಉಗ್ರಾಣವನ್ನು ನೋಡದೆ ಆ ಪ್ರತಿಯನ್ನೇ ನೋಡುವಂತೆ ಮಾಡಿದೆ. ಪ್ರತಿಗೆ ಸಂಪರ್ಕವೇ ಬೇಡ, ಆದ್ದರಿಂದ ಕೆಂಪು ಸಾಲು ಬರುವುದಿಲ್ಲ. ಒಂದು ಮಧ್ಯಾಹ್ನದ ಮಟ್ಟಿಗೆ ಎಂದುಕೊಂಡಿದ್ದೆ. ಅವರು ನಾಳೆ, ನಾಡಿದ್ದು ಎನ್ನುತ್ತ ಶನಿವಾರ ಬಂದರು. ಭೀಮಸಿ ಫೋನ್ ಮಾಡಿದ್ದು ನಿಜ. ನಿಮಗೆ ಒಂದು ಮಾತು ತಿಳಿಸಿದ್ದರೆ ಆಗುತ್ತಿತ್ತು. ತಿಳಿಸಿದರೆ ನೀವು ಕಟ್ಟೆಯ ಮೇಲೆ ಅದನ್ನೂ ಓದಿಬಿಡುವಿರೆಂದು ಹೆದರಿದೆ.

ತಪ್ಪೆಲ್ಲ ನನ್ನದೇ ಎಂದು ಒಪ್ಪುತ್ತೇನೆ. ಆದರೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಳತೆ ಯಾವಾಗ ಬಂತೆಂಬ ಸಾಲು ಪುಟದ ಬುಡದಲ್ಲಿ ಇತ್ತು. ಆ ಸಾಲು ಉಳಿದಿದ್ದರೆ ಅಳತೆ ಹಳೆಯದೆಂದು ನಿಮಗೆ ಮೊದಲ ದಿನವೇ ತಿಳಿಯುತ್ತಿತ್ತು. ಅದನ್ನು ತೆಗೆಸಿದವರು ಯಾರು?

ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಹೊಳೆದಂಡೆಯ ಎಷ್ಟೋ ಊರುಗಳಿಗೆ ಮುಂದಿನ ಮಳೆಗಾಲಕ್ಕೆ ನಿಜವಾದ ಅಳತೆ ಸಿಗುತ್ತದೆ. ಈಗ ಇದು ಹೊರಬಿದ್ದರೆ ಎಲ್ಲವೂ ನಿಂತುಹೋಗುತ್ತದೆ. ಆ ಊರುಗಳಲ್ಲಿಯೂ ಹೊಳೆವ್ವ ಕಾಕುವಿನಂಥವರು ಇದ್ದಾರೆ. ಭೀಮಸಿಯನ್ನು ಸದ್ದಿಲ್ಲದೆ ಮತ್ತೆ ಸೇರಿಸುತ್ತೇನೆ. ನೀವು ಸುಮ್ಮನಿದ್ದರೆ ಸಾಕು. ನನ್ನನ್ನು ಬಹುವಚನದಲ್ಲಿ ಕರೆಯಬೇಡಿ, ತಡೆಯಲಾಗುವುದಿಲ್ಲ.

ಸಾರಿಕಾ


ಸತ್ತಿ,
೧೦ ಸೆಪ್ಟೆಂಬರ್ ೨೦೧೮

ಶ್ರೀಮತಿ ಸಾರಿಕಾ ಅವರಿಗೆ,

ಸಾಲನ್ನು ತೆಗೆಸಿದವನು ನಾನು. ಅದರ ಬದಲಿಗೆ ಕಳುಹಿಸುತ್ತೇನೆಂದ ಸಾಲನ್ನು ಕಳುಹಿಸದೆ ಪದಗಳನ್ನು ತೂಗುತ್ತ ಕುಳಿತವನೂ ನಾನು. ಈ ಮಾತನ್ನು ನೀವು ಬರೆಯದಿದ್ದರೂ ನಾನು ಬರೆಯುತ್ತಿದ್ದೆ. ಆದರೆ ನನ್ನ ಅವಿವೇಕದಿಂದ ಹೋದದ್ದು ಒಂದು ದೀಪ. ದೀಪವಿಲ್ಲದ ದಾರಿಯಲ್ಲಿ ನೀವು ನನ್ನ ಕೈ ಹಿಡಿದು, ಬಾವಿ ಎಲ್ಲಿದೆಯೆಂದು ತಿಳಿದೂ, ‘ನಡೆಯಿರಿ’ ಎಂದಿರಿ.

ನಿಮ್ಮ ಪತ್ರವನ್ನು ಕಟ್ಟೆಯ ಮೇಲೆ ಓದಿದೆ. ನನ್ನ ಜುಲೈ ಇಪ್ಪತ್ತೈದರ ಪತ್ರದ ಪ್ರತಿಯನ್ನೂ, ಭೀಮಸಿಗೆ ನಾನು ಹೊರಿಸಿದ ಆರೋಪವನ್ನೂ ಬಿಡದೆ ಓದಿದೆ. ನಿಮ್ಮ ಪ್ರಾಚಾರ್ಯರಿಗೂ ಸಮಿತಿಗೂ ನಡೆದದ್ದನ್ನು ನಡೆದಂತೆ ಬರೆದು ಕಳುಹಿಸಿದ್ದೇನೆ. ಆತನನ್ನು ಸದ್ದಿಲ್ಲದೆ ಸೇರಿಸಿಕೊಳ್ಳುವುದು ಬೇಡ, ಕಾರಣ ಹೇಳದೆ ಬಿಡಿಸಿದವರು ಸದ್ದು ಮಾಡಿಯೇ ಸೇರಿಸಿಕೊಳ್ಳಲಿ. ಯೋಜನೆ ನಿಲ್ಲುವುದೋ ನಡೆಯುವುದೋ ಅವರ ವಿವೇಕಕ್ಕೆ ಬಿಟ್ಟದ್ದು. ಸುಮ್ಮನಿರಿ ಎಂದಿರಿ. ಆ ಶನಿವಾರ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು, ಎಮ್ಮೆಗಳು ಉಳಿಯುತ್ತಿದ್ದವು. ಸುಮ್ಮನಿರಲು ನೀವು ಕೇಳಿಕೊಳ್ಳಬೇಕಾಗಿದ್ದ ದಿನ ಅದು.

ಓದಿ ಮುಗಿಸಿದಾಗ ರಾವಸಾಹೇಬರು ಕೆಮ್ಮಲಿಲ್ಲ. ನನ್ನನ್ನು ಹಂಗಿಸುವ ಮಾತುಗಳನ್ನು ಅವರು ಒಂದು ತಿಂಗಳಿನಿಂದ ಕೂಡಿಸಿಟ್ಟಿರಬೇಕೆಂದುಕೊಂಡಿದ್ದೆ. “ಚಾ ಕುಡ್ಯೂಣು ಬರ್ರಿ ಗುರುಗಳ” ಎಂದು ತೋಳು ಹಿಡಿದರು. ಹಂಗಿಸಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈಗ ಬೆಳಿಗ್ಗೆ ಕಟ್ಟೆಯಲ್ಲಿ ಜನ ಸೇರುತ್ತಾರೆ. ನಾನು ಪತ್ರಿಕೆ ಓದಿದರೆ ಮರ್ಯಾದೆಯಿಂದ ಕೇಳುತ್ತಾರೆ. ಹೊಳೆಯ ಸುದ್ದಿ ತಿಳಿಯಬೇಕಾದರೆ ಎದ್ದು ಹೋಗಿ ಹಾಲಿನ ಗಾಡಿಯವನನ್ನು ನಿಲ್ಲಿಸುತ್ತಾರೆ.

ನಿಮ್ಮನ್ನು ಮೊದಲಿನಂತೆ ಕರೆಯಬೇಕೆಂದು ಕೇಳಿದ್ದೀರಿ. ನಿನ್ನೆ ನಡೆದದ್ದೊಂದನ್ನು ಬರೆಯುತ್ತೇನೆ. ನನ್ನ ಉತ್ತರ ಅದೇ.

ಹೊಳೆವ್ವನ ಮನೆಗೆ ಹೋಗಿದ್ದೆ. ಈಗ ಅವಳು ಕೂಲಿಗೆ ಹೋಗುತ್ತಾಳೆ, ಮನೆಯಲ್ಲಿದ್ದುದು ಆದಿತ್ಯವಾರವಾದ್ದರಿಂದ. ಅಂಗಳದ ಕೌದಿಯ ಮೇಲೆ ಜೋಳ ಒಣಹಾಕಿದ್ದಳು. ನಾನು ಹೊಸ್ತಿಲು ದಾಟಿ ಒಳಗೆ ಬರುತ್ತ, “ಹನಿ ಬೀಳಲು ತೊಡಗಿದೆ ತಾಯಿ, ಜೋಳವನ್ನು ಒಳಗೆ ತೆಗೆದುಕೊ” ಎಂದೆ. “ಹೌದೇನ್ರಿ ಗುರುಗಳ? ಬರ್ರಿ, ಕುಂಡ್ರಿರಿ” ಎಂದು ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ನನ್ನ ಹೆಗಲ ಮೇಲಿನ ವಸ್ತ್ರ ತೊಯ್ದಿತ್ತು, ತಲೆಯಿಂದ ನೀರು ಇಳಿಯುತ್ತಿತ್ತು. ಅವಳು ನನ್ನ ಪಕ್ಕದಿಂದ ಮೆಲ್ಲಗೆ ಸರಿದು ಬಾಗಿಲಿಗೆ ಹೋಗಿ, ಅಂಗಳದ ಕಡೆಗೆ ಅಂಗೈ ಚಾಚಿ ನೋಡಿದಳು.

ಆಮೇಲೆ ಜೋಳ ತೆಗೆಯಲು ಹೋದಳು.

ವಿರುಪಾಕ್ಷಪ್ಪ